ಅಣ್ಣ ಬಣ್ಣ ಹೊಡೆದ ಬಾನೆಟ್

ಸ್ನೇಹಿತರೇ, ನಾನು ಓದಿದ್ದು ಐದನೆಯ ತರಗತಿಯವರೆಗೆ. ಅಕ್ಷರ ತಪ್ಪಿದ್ದರೆ ಕ್ಷಮಿಸಿ, ಇವತ್ತು ಗ್ಯಾರೇಜಿನಲ್ಲಿ ನಡೆದದ್ದನ್ನು ಹೇಳದೆ ಇರಲಾಗಲಿಲ್ಲ.

ಒಮಾನ್ ದೇಶದ ರೂವಿಯಲ್ಲಿರುವ ನಮ್ಮ ಗ್ಯಾರೇಜಿಗೆ ಒಮಾನಿ ಹಿರಿಯರಾದ ನಾಸಿರ್ ಚಾಚಾ ತಮ್ಮ ತೀರಿಹೋದ ಅಣ್ಣನ ಹಾಟ್‌ರಾಡ್ ಕಾರನ್ನು, ಅಂದರೆ ವೇಗಕ್ಕೆಂದು ಮಾರ್ಪಡಿಸಿದ ಹಳೆಯ ಕಾರನ್ನು, ತಂದಿದ್ದಾರೆ. ಎಂಜಿನ್ನಿಗೆ ಗಾಳಿ ಊದಿ ಬಲ ಕೊಡುವ ಹಳೆಯ ಸೂಪರ್‌ಚಾರ್ಜರ್ ಒಂದನ್ನು ಅಣ್ಣ ಕೊಂಡಿಟ್ಟಿದ್ದರಂತೆ. ಕೂರಿಸುವ ಮೊದಲೇ ಹೋಗಿಬಿಟ್ಟರು. ನಿನ್ನೆ ನಾವು ಕೂರಿಸಿದೆವು. ಅದು ಒಂದು ಗೇಣು ಎತ್ತರ ನಿಂತಿತು, ಬಾನೆಟ್ ಮುಚ್ಚಲಿಲ್ಲ.

ಬಾನೆಟ್ ಕತ್ತರಿಸಲೇಬೇಕೆಂದು ಫೋರ್‌ಮನ್ ಸದಾಶಿವಣ್ಣ ಇವತ್ತು ಹಿಂದಿಯಲ್ಲಿ ಹೇಳಿದರು. ಚಾಚಾ ಸಿಡಿದರು: "ನಹೀ! ಆ ಬಣ್ಣ ನನ್ನ ಅಣ್ಣ ಕೈಯಾರೆ ಹೊಡೆದದ್ದು. ಮುಟ್ಟಿದರೆ ಖಲಾಸ್, ಗಾಡಿ ವಾಪಸ್ ಕೊಡಿ."

"ಹಾಗಾದ್ರೆ ಸೂಪರ್‌ಚಾರ್ಜರನ್ನು ಶೋಕೇಸಿನಲ್ಲಿ ಇಡ್ಲಿಕ್ಕೆ ಹೇಳು ಮಾರಾಯ," ಎಂದು ಸದಾಶಿವಣ್ಣ ನನ್ನ ಕಿವಿಯಲ್ಲಿ ಗೊಣಗಿದರು.

ಅವರ ಜಗಳ ನಡೆದೇ ಇತ್ತು. ನಾನು ಅಳತೆ ನೋಡಲು ಬಾನೆಟ್ ಕಳಚಿ ಮಗುಚಿ ಇಟ್ಟೆ. ಒಳಮೈಯ ಧೂಳು ಒರೆಸಿದಾಗ ಬಿಳಿ ಬಣ್ಣದಲ್ಲಿ ಬರೆದ ಒಂದು ಚೌಕ ಕಾಣಿಸಿತು, ಪಕ್ಕದಲ್ಲಿ ಅರಬ್ಬಿ ಅಂಕಿಗಳು. ಚಾಚಾರ ತೋಳು ಮುಟ್ಟಿ ತೋರಿಸಿದೆ.

ಅವರು ಮಂಡಿಯೂರಿ ನೋಡಿದರು. "ಅಣ್ಣನ ಕೈಬರಹ. ಕತ್ತರಿಸುವ ಜಾಗ ಅವನೇ ಗುರುತು ಹಾಕಿದ್ದಾನೆ. ನನಗೆ ಹೇಳಲೇ ಇಲ್ಲ, ಕಳ್ಳ!" ತುಸು ಹೊತ್ತು ಮುಖ ಮುಚ್ಚಿಕೊಂಡರು. ಆಮೇಲೆ, "ಯಲ್ಲಾ, ನಡಿ, ಕತ್ತರಿಸು. ಗೆರೆ ದಾಟಬೇಡ."

ದಾಟಲಿಲ್ಲ. ಸೂಪರ್‌ಚಾರ್ಜರ್ ಆ ಕಿಂಡಿಯಿಂದ ತಲೆ ಎತ್ತಿತು, ಬಾನೆಟ್ ಮುಚ್ಚಿತು. "ನಾನು ಮೊದಲೇ ಹೇಳಿದ್ದೆ" ಎಂದು ಸದಾಶಿವಣ್ಣ ಈಗ ಎಲ್ಲರಿಗೂ ಹೇಳುತ್ತಿದ್ದಾರೆ, ಅದು ನಿಜವೂ ಹೌದು. ಆಮೇಲೆ ನಾನು ಮಾಡಿದ್ದು ಇಷ್ಟೇ: ಕತ್ತರಿಸಿದ ಅಂಚು ಚಾಚಾರ ಕೈಗೆ ಚುಚ್ಚದ ಹಾಗೆ ಅರದಿಂದ ಉಜ್ಜಿ ನಯ ಮಾಡಿದೆ.