ಎಡನಳಿಗೆಯಲ್ಲಿ ಉಳಿದ ಬಟ್ಟೆ

ಖಾಜಾ ಚಾಚಾ, ನಮ್ಮ ಭಾವನ ಬಂದೂಕಿನ ಎಡನಳಿಗೆ ಸೀಳಿದ್ದು ನಿಮ್ಮ ಕೈಕೆಲಸದಿಂದಲ್ಲ. ಅದರೊಳಗೆ ಬಟ್ಟೆ ಇತ್ತು. ತುರುಕಿದವನು ನಾನು. ಅದು ಪೂರ್ತಿ ಹೊರಗೆ ಬಂದಿಲ್ಲವೆಂದು ಗೊತ್ತಿದ್ದೂ "ಕ್ಲೀನ್ ಐತಿ" ಅಂದವನು ನಾನು. ಆಮೇಲೆ ತಪ್ಪನ್ನು ನಿಮ್ಮ ಮೇಲೆ ಹಾಕಿದವನೂ — ನಾನೇ.

ಇಷ್ಟು ಹೇಳಲು ಹತ್ತು-ಹನ್ನೆರಡು ವರ್ಷ ಹಿಡಿಯಿತು. ಬಾಯಲ್ಲೇ ಹೇಳಬೇಕೆಂದು ಕೌಲ್ ಬಜಾರಿನ ನಿಮ್ಮ ಅಂಗಡಿಗೆ ಎಷ್ಟೋ ಸಲ ಬಂದಿದ್ದೇನೆ. ಪ್ರತಿ ಸಲವೂ ಕೈಯಲ್ಲಿ ಒಂದು ಕುಕ್ಕರ್ ಇರುತ್ತಿತ್ತು. ನಮ್ಮ ಮನೆಯ ಕುಕ್ಕರ್ ಅಷ್ಟು ಸಲ ಕೆಟ್ಟಿರಲಿಲ್ಲ ಚಾಚಾ. ನೀವು ಚೆನ್ನಾಗಿದ್ದ ವಾಲ್ವನ್ನು ಬಿಚ್ಚಿ, ಊದಿ, "ಏನೂ ಆಗಿಲ್ಲಲ್ರೀ ಪಂಪಣ್ಣಾರ" ಅಂತ ವಾಪಸು ಕೊಡುತ್ತಿದ್ದಿರಿ. ನಾನು ತಲೆ ಆಡಿಸಿ ಆಟೋ ಹತ್ತುತ್ತಿದ್ದೆ. ಬಾಯಿಗೆ ಬಂದರೆ ಜಾರಿಕೊಳ್ಳುವ ಚಾಳಿ ನನ್ನದು, ಅದಕ್ಕೇ ಮೊದಲು ಬರೆಯುತ್ತಿದ್ದೇನೆ.

ಈ ಕಾಗದವನ್ನು ನೀವು ಯಾರಿಗೆ ಬೇಕಾದರೂ ತೋರಿಸಿ; ಓದುವ ಬೇರೆಯವರಿಗೆ ನಾನು ಯಾರೆಂದು ಹೇಳಬೇಕು. ಹೆಸರು ಪಂಪಾಪತಿ, ಬಳ್ಳಾರಿಯಲ್ಲಿ ವಿಮೆ ಏಜೆಂಟ್. ಜನರಿಗೆ ಹೆದರಿಕೆ ಹುಟ್ಟಿಸಿ ಹೊಟ್ಟೆ ಹೊರೆಯುವವನು. ಮೋಸವೇನಿಲ್ಲ, ಅವರಿಗಿಂತ ಮೊದಲು ನಾನೇ ಹೆದರಿರುತ್ತೇನೆ. ಮನೆಯಿಂದ ಹೊರಟವನು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬಂದಿದ್ದೇನೆ. ಗ್ಯಾಸೇ ಮುಗಿದಿದ್ದ ದಿನವೂ ಬಂದಿದ್ದೇನೆ. ಆಯುಧ ಪೂಜೆಯಲ್ಲಿ ಟ್ರ್ಯಾಕ್ಟರಿನ ಗಾಲಿ ಕೆಳಗೆ ನಿಂಬೆಹಣ್ಣು ಇಡುವಾಗ "ಗೇರು ನ್ಯೂಟ್ರಲ್ ಐತೇನು?" ಎಂದು ಕೇಳಿ ಕೇಳಿ ಹೆಂಡತಿಯ ತವರಿನವರ ಬಾಯಲ್ಲಿ ನಗೆಯಾದವನು.

ಆ ತವರು ಕುರುಗೋಡು. ಹೆಂಡತಿಯ ಅಣ್ಣ ಎರ್ರಿಸ್ವಾಮಿ ಭಾವನದು ಸಿರುಗುಪ್ಪದ ಹತ್ತಿರ ಭತ್ತದ ಗದ್ದೆ. ಬೆಳೆ ಕಾಯಲೆಂದು ಅವನ ಹೆಸರಿನಲ್ಲಿ ಲೈಸೆನ್ಸಿನ ಜೋಡುನಳಿಗೆ ಬಂದೂಕು ಇತ್ತು. ಹಂದಿ ಹಿಂಡು ಇಳಿದರೆ ಒಂದು ರಾತ್ರಿಯಲ್ಲಿ ಮಡಿಗೆ ಮಡಿಯೇ ನೆಲಕ್ಕೆ ಮಲಗಿಬಿಡುತ್ತದೆ, ಸದ್ದು ಮಾಡದೆ ಗತಿಯಿಲ್ಲ. ಆಯುಧ ಪೂಜೆಗೆ ಮಾತ್ರ ಆ ಬಂದೂಕು ಕುರುಗೋಡಿನ ಮನೆಗೆ ಬರಬೇಕು. ಕುಡುಗೋಲು, ಸ್ಪ್ರೇಯರ್, ಪಂಪ್‌ಸೆಟ್ಟಿನ ಸ್ಪ್ಯಾನರ್, ಎಲ್ಲದರ ನಡುವೆ ಅದು ಗೋಡೆಗೆ ಒರಗಿ, ಬಾಯಿ ಮೇಲೆ ಮಾಡಿಕೊಂಡು, ಯಜಮಾನನ ಹಾಗೆ ನಿಲ್ಲಬೇಕು.

ಆ ವರ್ಷ ದಸರೆಗೆ ಮುಂಚೆ ಭಾವ ಮತ್ತು ನಾನು ಅದನ್ನು ನಿಮ್ಮ ಅಂಗಡಿಗೆ ತಂದಿದ್ದೆವು, ನೆನಪಿರಬೇಕು; ಆಗ ಅದು ಬಂದೂಕು ರಿಪೇರಿಯ ಅಂಗಡಿ. ಬಲನಳಿಗೆಯ ಬಾಯಿ ಸಡಿಲು, ಎಡದ್ದು ಬಿಗಿ. ಆ ಬಿಗಿಗೆ ಚೋಕ್ ಅನ್ನುತ್ತಾರೆಂದು ನನಗೆ ಗೊತ್ತಾದದ್ದೇ ಅಂದು. ಭಾವ ಎಡದ್ದನ್ನೂ ಕೊರೆದು ಸಡಿಲ ಮಾಡಿಕೊಡಿ, ಎರಡರಲ್ಲೂ ಚರೆಯ ಸಣ್ಣ ಕಾಳುಗಳ ಬದಲು ಒಂಟಿ ಗುಂಡು ಹಾರಿಸಬಹುದು ಎಂದ. ನೀವು ನಳಿಗೆಯನ್ನು ಮಡಿಲಲ್ಲಿ ಮಲಗಿಸಿಕೊಂಡು ಹೇಳಿದಿರಿ:

"ಯಜಮಾನ್ರ, ನೀರಿನ ಪೈಪಿನ ಬಾಯಿ ಬೆರಳಿಂದ ಒತ್ತಿದ್ರ ನೀರು ಚದುರದಂಗ ದೂರ ಹೋಗ್ತೈತಲ್ಲ, ಹಂಗ ಇದು. ಚರೆ ದೂರದ ತನಕ ಒಟ್ಟಿಗೆ ಇರ್ಲಿ ಅಂತ ಮಾಡ್ಯಾರ. ಇದನ್ನ ಕೊರದ್ರ ಮತ್ತ ಕೂಡ್ಸಾಕ ಬರಂಗಿಲ್ಲ. ಗುಂಡು ಹಾಕೋದಿದ್ರ ಬಲಗಡೆ ಹಾಕ್ರಿ. ಎಡಕ್ಕ ಬರೇ ಚರೆ. ಇದಕ್ಕ ನಾ ಅರ ಹಚ್ಚಂಗಿಲ್ಲ."

ಭಾವ ಗೊಣಗುತ್ತ ಗೊಬ್ಬರದ ಅಂಗಡಿಗೆಂದು ಎದ್ದು ಹೋದ. ನೀವು ಎಣ್ಣೆ ಒರೆಸಿ ಹಾಗೆಯೇ ನನ್ನ ಕೈಗೆ ಕೊಟ್ಟಿರಿ. ಹಾಗೆಯೇ — ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ನೋಡಿದ್ದೇನೆ. ಅರ ನಿಮ್ಮ ಕೈಗೇ ಬರಲಿಲ್ಲ.

ಪೂಜೆಯ ದಿನ ಬಂದೂಕು ಒರೆಸಿ ನಿಲ್ಲಿಸುವ ಕೆಲಸ ನನಗೆ ಬಂತು. ಖಾಲಿ ಇದೆಯೇ ಎಂದು ಬಿಚ್ಚಿ ನೋಡಿದೆ, ಮತ್ತೆ ನೋಡಿದೆ. ಅಷ್ಟರಲ್ಲಿ ಹೊಸ ಚಿಂತೆ ಹತ್ತಿತು: ಮೇಲೆ ಮಾಡಿದ ಬಾಯಿಗೆ ಅಕ್ಷತೆ ಬಿದ್ದರೆ? ಕುಂಕುಮ, ವಿಭೂತಿ, ಹೂವಿನ ದಳ — ಏನಾದರೂ ಒಳಗೆ ಉಳಿದು ನಾಳೆ ಅನಾಹುತ ಆದರೆ? ಹಳೇ ಪಂಚೆಯ ಅಂಚು ಹರಿದು, ಎರಡು ಉಂಡೆ ಸುತ್ತಿ, ಎರಡೂ ಬಾಯಿಗೆ ಬಿರಡೆ ಹಾಕಿದೆ. ಎಡದ್ದು ಬಿಗಿಯಾಗಿತ್ತು, ಸ್ಕ್ರೂಡ್ರೈವರಿನ ಹಿಡಿಯಿಂದ ಒತ್ತಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಅನಾಹುತ ತಡೆಯಲು ಹೊರಟವನು ಅನಾಹುತವನ್ನು ಕೈಯಾರೆ ಸುತ್ತಿ ಒಳಗೆ ಇಟ್ಟಿದ್ದೆ.

ಪೂಜೆ ಮುಗಿದ ಮೇಲೆ ಬಲಗಡೆಯ ಉಂಡೆ ಸಲೀಸಾಗಿ ಬಂತು. ಎಡಗಡೆಯದು ಬರಲಿಲ್ಲ. ಬಿಗಿ ಇರುವುದು ತುದಿಯಲ್ಲಿ ಮಾತ್ರ, ಅದನ್ನು ದಾಟಿದರೆ ಒಳಗೆ ಅಗಲ. ಬಟ್ಟೆ ಆ ಬಿಗಿಯನ್ನು ನುಸುಳಿ ಒಳಗೆ ಹೋಗಿ ಅರಳಿ ಕೂತಿತ್ತು. ಸೈಕಲ್ಲಿನ ಕಡ್ಡಿ ಬಗ್ಗಿಸಿ ಎಳೆದೆ. ಎಳೆ ಎಳೆಯಾಗಿ ಒಂದಿಷ್ಟು ಬಂತು. ಬಂದೂಕು ಬಿಚ್ಚಿ ಹಿಂದಿನಿಂದ ಬೆಳಕಿಗೆ ಹಿಡಿದೆ. ಬಲಗಡೆ ಹುಣ್ಣಿಮೆ. ಎಡಗಡೆ — ಅರ್ಧ ಚಂದ್ರ.

ನೋಡಿದೆ ಚಾಚಾ. ನೋಡಲಿಲ್ಲ ಎಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ.

ಹಿಂದಿನಿಂದ ತಳ್ಳುವ ಉದ್ದ ಕೋಲು ಸಿರುಗುಪ್ಪದ ಗದ್ದೆಮನೆಯಲ್ಲಿತ್ತು. ಯಾರನ್ನಾದರೂ ಕರೆದು "ಹಿಂಗಾತು" ಅಂದಿದ್ದರೆ ಮುಗಿದಿತ್ತು. ಆದರೆ ಪಡಸಾಲೆಯಲ್ಲಿ ನೆಂಟರೆಲ್ಲ ಹೋಳಿಗೆ ತಿನ್ನುತ್ತ ಕೂತಿದ್ದರು. ಭಾವನ ದನಿ ನನ್ನ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು: "ನೋಡ್ರಲೇ, ಪಂಪಣ್ಣ ಬಂದೂಕಿಗೂ ಲಂಗೋಟಿ ಕಟ್ಯಾನ!" ಆ ನಗು ತಪ್ಪಿಸಲು — ಬರೀ ಒಂದು ನಗು — ಬಂದೂಕು ಮಡಚಿ ಚೀಲಕ್ಕೆ ಹಾಕಿದೆ. ಅಷ್ಟು ಬಟ್ಟೆ ಚರೆಯ ಏಟಿಗೆ ಹಾರಿ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಜಗತ್ತಿನಲ್ಲಿ ಎಲ್ಲದಕ್ಕೂ ಹೆದರುವ ನಾನು ಅದೊಂದಕ್ಕೆ ಧೈರ್ಯ ತಂದುಕೊಂಡೆ.

ಮರುದಿನ ಬೆಳಿಗ್ಗೆ ಸಿರುಗುಪ್ಪಕ್ಕೆ ಹೋದೆವು. ಗದ್ದೆಯ ಅಂಚಿನಲ್ಲಿ ಹಂದಿ ಸುಳಿದ ಗುರುತು ಹೊಸದಾಗಿತ್ತು. ಭಾವ ತೋಟಾ ಕೈಗೆ ತೆಗೆದುಕೊಂಡ. ತುಂಬುವ ಮುಂಚೆ ನಳಿಗೆಯನ್ನು ಬೆಳಕಿಗೆ ಹಿಡಿಯುವುದು ಅವನ ರೂಢಿ. ಅಂದು ಹಿಡಿಯುವ ಮುಂಚೆ ನನ್ನ ಕಡೆ ನೋಡಿದ.

"ಪಂಪಣ್ಣ, ನಿನ್ನೆ ನೀನ ಒರಸಿಟ್ಟಿ ಅಲ್ಲಲೇ? ನಳಿಗಿ ನೋಡಿಯೇನು?"

"ನೋಡೀನಿ ಭಾವಾ. ಕ್ಲೀನ್ ಐತಿ."

ಅವನು ನೋಡಲಿಲ್ಲ. ಮನೆಯಲ್ಲೇ ಅತಿ ಅಂಜುಬುರುಕ ಕ್ಲೀನ್ ಅಂದ ಮೇಲೆ ಇನ್ನೇನು ನೋಡುವುದು?

ಬಲನಳಿಗೆ ಸರಿಯಾಗಿಯೇ ಹಾರಿತು. ಎಡದ್ದರ ಸದ್ದು ಬೇರೆಯಾಗಿತ್ತು. ಹೊಗೆ ಸರಿದಾಗ ನಳಿಗೆಯ ತುದಿ ಸೀಳಿದ ಬೆಂಡೆಕಾಯಿಯ ಹಾಗೆ ಬಿಚ್ಚಿಕೊಂಡಿತ್ತು, ಭಾವ ಕಿವಿ ಹಿಡಿದು ಬದುವಿನ ಮೇಲೆ ಕುಸಿದಿದ್ದ. ಚೂರೊಂದು ಕಿವಿಯ ಮೇಲೆ ಸವರಿಕೊಂಡು ಹೋಗಿತ್ತು. ಗಾಯ ಮಾಯಿತು. ಎಡಗಿವಿ ಮಾತ್ರ ಅಂದಿನಿಂದ ಕೇಳುವುದಿಲ್ಲ.

ಬಳ್ಳಾರಿಯ ಆಸ್ಪತ್ರೆಯ ಹೊರಗೆ ನೆಂಟರು ಸೇರಿದ್ದರು. ಒಬ್ಬರು ಕೇಳಿದರು, ಚೋಕ್ ಇರುವ ಕಡೆಯೇ ಒಡೆದಿದೆಯಲ್ಲ, ಮೊನ್ನೆ ರಿಪೇರಿಗೆ ಕೊಟ್ಟಿದ್ದಿರಂತಲ್ಲ, ಕೊರೆಯಲ್ಲ ಅಂದವರು ಕೊರೆದಿರಬಹುದೇ ಎಂದು. ಎಲ್ಲರೂ ನನ್ನ ಕಡೆ ತಿರುಗಿದರು. ಅಂಗಡಿಯಲ್ಲಿ ಕೂತಿದ್ದವನು ನಾನಲ್ಲವೇ. ಅಲ್ಲಿ "ಇಲ್ಲ" ಎಂದರೆ ಸಾಕಿತ್ತು. ಬಾಯಿ ಮುಚ್ಚಿಕೊಂಡಿದ್ದರೂ ಇಷ್ಟಾಗುತ್ತಿರಲಿಲ್ಲವೇನೋ.

"ಸಾಬ್ರು ಚೋಕ್ ಮುಟ್ಟಿರಬೇಕು ಬಿಡ್ರಿ," ಅಂದೆ.

ಎಷ್ಟು ಸಲೀಸಾಗಿ ನಂಬಿದರು ಗೊತ್ತೇ? ನಿಮ್ಮ ಮನೆತನದ ಕೈಯಲ್ಲಿ ತಲೆಮಾರುಗಳಿಂದ ಬಂದೂಕು ಕೊಟ್ಟು ತೆಗೆದುಕೊಂಡವರು, ರಂಜಾನ್ ಹಬ್ಬಕ್ಕೆ ನಿಮ್ಮ ಮನೆಯ ಶೀರ್‌ಕುರ್ಮಾ ಉಂಡವರು. ಒಬ್ಬರೂ "ಖಾಜಾಸಾಬ ಅಂಥವನಲ್ಲ" ಅನ್ನಲಿಲ್ಲ. ಅನ್ನಬೇಕಾದವನು ಮೊದಲು ನಾನೇ ಆಗಿದ್ದೆ, ಅವರ ಮಾತೇಕೆ ಆಡಲಿ.

ಆಮೇಲಿನದು ನಿಮಗೇ ಗೊತ್ತು. ಭಾವ ತಲೆಗೆ ಪಟ್ಟಿ ಕಟ್ಟಿಕೊಂಡೇ ಬಂದು ಒಡೆದ ನಳಿಗೆಯನ್ನು ನಿಮ್ಮ ಮುಂದೆ ಬಿಸಾಕಿದ. ಬೀದಿ ಕೂಡಿತು. ನೀವು ಸಿಟ್ಟಾಗಲಿಲ್ಲ. ಅದನ್ನು ಎತ್ತಿಕೊಂಡು, ಸೀಳಿನೊಳಗೆ ಉಗುರು ಹಾಕಿ, ಸುಟ್ಟ ಎಳೆಯೊಂದನ್ನು ತೆಗೆದಿರಿ.

"ಇದ್ರಾಗ ಬಟ್ಟಿ ಇತ್ರಿ, ಯಜಮಾನ್ರ."

"ಸುಳ್ಳು ಹೇಳ್ಬ್ಯಾಡ ಸಾಬ! ನಳಿಗಿ ಕ್ಲೀನ್ ಇದ್ದದ್ದು ನಮ್ಮ ಪಂಪಣ್ಣ ಕಣ್ಣಾರೆ ನೋಡ್ಯಾನ. ಕೇಳು ಬೇಕಾರ."

ನೀವು ಕೇಳಲಿಲ್ಲ. ಬರೀ ನನ್ನ ಕಡೆ ನೋಡಿದಿರಿ. ನಾನು ಎದುರಿನ ಅಂಗಡಿಯ ಬಕೆಟುಗಳನ್ನು ನೋಡುತ್ತ ನಿಂತೆ. ನೀಲಿ ಬಕೆಟು, ಕೆಂಪು ಬಕೆಟು — ಇವತ್ತಿಗೂ ಪ್ಲಾಸ್ಟಿಕ್ ಅಂಗಡಿ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ.

ಮಾತು ಹಬ್ಬಿತು. ರಾರಾವಿ ಕಡೆಯವರು, ಕುರುಗೋಡಿನವರು, ಹಲಕುಂದಿಯವರು ಬಂದೂಕು ತರುವುದನ್ನು ನಿಲ್ಲಿಸಿದರು. ಒಂದು ದಿನ ಬಂದಾಗ ನಿಮ್ಮ ತಂದೆಯ ಕಾಲದ ಬಂದೂಕು ರಿಪೇರಿ ಬೋರ್ಡು ಇರಲಿಲ್ಲ. ಸ್ಟೋವ್, ಕುಕ್ಕರ್, ಪಂಪ್ ರಿಪೇರಿ ಎಂದು ಬೇರೆ ಬೋರ್ಡು ಬಂದಿತ್ತು. ಹಳೆಯದನ್ನು ಬೇರೆ ಯಾರೂ ಇಳಿಸಲಿಲ್ಲ, ನೀವೇ ಇಳಿಸಿದಿರಂತೆ. ನಾನು ಆ ಹೊಸ ಬೋರ್ಡಿನ ಖಾಯಂ ಗಿರಾಕಿಯಾದೆ. ನಾಚಿಕೆಯನ್ನು ಕುಕ್ಕರಿನಲ್ಲಿ ಹೊತ್ತು ತಂದು ಕುಕ್ಕರಿನಲ್ಲೇ ಹೊತ್ತು ಹೋಗುವ ಗಿರಾಕಿ.

ಇನ್ನೊಂದು ಹೇಳಿಬಿಡುತ್ತೇನೆ, ಇದು ಎಲ್ಲಕ್ಕಿಂತ ಹೇಸಿಗೆಯದು. ಈ ತಪ್ಪನ್ನು ನಾನು ಭಾವನಿಗೆ ಎಷ್ಟೋ ಸಲ ಒಪ್ಪಿಸಿದ್ದೇನೆ — ಅವನ ಎಡಗಡೆ ಕೂತು. ಮದುವೆಯ ಪಂಕ್ತಿಯಲ್ಲಿ, ಬಸ್ಸಿನ ಸೀಟಿನಲ್ಲಿ, ಕಿವಿ ಕೇಳದ ಕಡೆಗೆ ಬಾಗಿ, "ಬಟ್ಟಿ ಹಾಕಿದಾಂವ ನಾನ ಭಾವಾ" ಎಂದು ಗುನುಗಿದ್ದೇನೆ. ಅವನು ಅನ್ನ ಕಲಸುತ್ತ "ಹ್ಞಾಂ?" ಅನ್ನುತ್ತಿದ್ದ. "ಏನಿಲ್ಲ, ಸಾರು ಚಲೋ ಐತಿ" ಅನ್ನುತ್ತಿದ್ದೆ. ಮನೆಗೆ ಬಂದು, ಹೇಳಿದೆನಲ್ಲ ಎಂದು ನಿದ್ದೆ ಮಾಡುತ್ತಿದ್ದೆ.

ಕಳೆದ ವಾರ ಆ ನಿದ್ದೆಯೂ ಕೆಟ್ಟಿತು. ಈಗ ಗದ್ದೆ ನೋಡಿಕೊಳ್ಳುವವಳು ಭಾವನ ಮಗಳು ಪಾರ್ವತಿ. ಅವಳ ಹೆಸರಿಗೆ ಲೈಸೆನ್ಸ್ ಆಗಿ ಬೇರೆ ಬಂದೂಕು ಬಂದಿದೆ. ಇದರಲ್ಲಿ ಚೋಕನ್ನು ತಿರುಪಿನ ಹಾಗೆ ಬಿಚ್ಚಿ ಹಾಕಬಹುದು, ಸಡಿಲದ್ದು, ನಡುವಿನದು, ಬಿಗಿಯದು. "ಮಾಮಾ, ನೀವು ಅತಿ ಹುಷಾರಿನವರು, ನೀವ ತೋರಿಸ್ರಿ" ಅಂದಳು. ನಗು ಬಂತು.

ತೋರಿಸಿದೆ. ಎಲ್ಲ ನಿಮ್ಮ ಮಾತು, ಮತ್ತೆ ಈ ವರ್ಷಗಳಲ್ಲಿ ಪಾಪಪ್ರಜ್ಞೆಯಿಂದ ಓದಿ ಕಲಿತದ್ದು. ಮೊದಲು ಬಂದೂಕು ಬಿಚ್ಚಿ ಖಾಲಿ ಮಾಡು, ಆಮೇಲೆ ಚೋಕಿಗೆ ಕೈ ಹಾಕು. ಬಾಯಿಯ ಎದುರಿಗೆ ಯಾವತ್ತೂ ಮುಖ ತರಬೇಡ. ಚೋಕ್ ಇಲ್ಲದೆ ಹಾರಿಸಬೇಡ, ತಿರುಪು ಸಡಿಲ ಇದ್ದರೂ ಹಾರಿಸಬೇಡ, ಚರೆ ಅದರ ಅಂಚಿಗೆ ತಗಲಿ ನಳಿಗೆಯನ್ನೇ ಸೀಳುತ್ತದೆ. ನಡುನಡುವೆ ಬಂದೂಕು ಖಾಲಿ ಮಾಡಿ, ಬಿಗಿ ಇದೆಯೇ ಎಂದು ನೋಡು. ಒಂಟಿ ಗುಂಡನ್ನು ಬಿಗಿ ಚೋಕಿನಲ್ಲಿ ಹಾಕಲೇಬೇಡ. ತುಂಬುವ ಮುಂಚೆ, ಪ್ರತಿ ಸಲ, ಹಿಂದಿನಿಂದ ಬೆಳಕಿಗೆ ಹಿಡಿದು ನೀನೇ ನೋಡು. ಬೇರೆಯವರು ನೋಡಿದ್ದೇನೆ ಅಂದರೂ —

ಬಂದೂಕನ್ನು ಅವಳ ಕೈಗೆ ಕೊಟ್ಟುಬಿಟ್ಟೆ.

"ಅವತ್ತು ಅಪ್ಪ ನೋಡಿರಲಿಲ್ಲೇನು ಮಾಮಾ?" ಅವಳು ಸುಮ್ಮನೆ ಕೇಳಿದಳು. ಆಮೇಲೆ ತಾನೇ ಉತ್ತರ ಹೇಳಿಕೊಂಡಳು: "ನೋಡಿದ್ರೂ ಏನು ಗೊತ್ತಾಗ್ತಿತ್ತು ಬಿಡ್ರಿ, ಆ ಸಾಬ ಒಳಗ ತೆಳ್ಳಗ ಕೊರದಿದ್ನಲ್ಲ. ಇದನ್ನಂತೂ ಆ ಅಂಗಡಿ ಕಡಿ ಒಯ್ಯಂಗಿಲ್ಲ ನಾನು."

ಅಂದು ಅವಳು ಶಾಲೆಗೆ ಹೋಗುವ ಹುಡುಗಿ. ನನ್ನ ಸುಳ್ಳು ಅವಳ ಜೊತೆ ಬೆಳೆದು, ಅವಳ ಬಾಯಲ್ಲಿ ಕಣ್ಣಾರೆ ಕಂಡ ನಿಜದ ಹಾಗೆ ಕೂತಿತ್ತು. ನಾಳೆ ಅವಳ ಮಕ್ಕಳ ಬಾಯಿಗೂ ಹೋಗುತ್ತದೆ, ನಿಮ್ಮ ಹೆಸರಿನ ಸಮೇತ.

ಎದ್ದು ಅಂಗಳಕ್ಕೆ ಬಂದೆ. ಭಾವ ಬೇವಿನ ಮರದ ಕೆಳಗೆ ಮಂಚದ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದ. ಎಂದಿನಂತೆ ಕಾಲು ಅವನ ಎಡಗಡೆಗೇ ಎಳೆಯಿತು. ಸುತ್ತಿ ಹೋಗಿ ಬಲಗಡೆ ಕೂತೆ.

"ಯಾಕಲೇ, ಇವತ್ತು ಈ ಕಡಿ?"

ಹೇಳಿದೆ. ಪಂಚೆಯ ಅಂಚು, ಸ್ಕ್ರೂಡ್ರೈವರಿನ ಹಿಡಿ, ಅರ್ಧ ಚಂದ್ರ, ಆಸ್ಪತ್ರೆಯ ಹೊರಗಿನ ಆ ಮಾತು. ಪಾರ್ವತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಭಾವ ಬಯ್ಯುತ್ತಾನೆಂದು ಕಾದೆ, ಹೊಡೆದರೂ ಆಗಲಿ ಎಂದು ಕಾದೆ. ಶೇಂಗಾ ಸಿಪ್ಪೆಯನ್ನು ಕೈಯಲ್ಲಿ ಪುಡಿ ಮಾಡುತ್ತ ಕೂತಿದ್ದ.

"ಕಿವಿ ಹೋತು, ಹೋಗ್ಲಿ," ಅಂದ ಕೊನೆಗೆ. "ಆ ಮನಷ್ಯಾನ್ನ ನಾ ನಡುಬಜಾರದಾಗ ಸುಳ್ಳ ಅಂದೆ. ನಿನ್ನ ಮಾತು ಹಿಡಕೊಂಡು ಅಂದೆ. ಅವಾಗ ನೀ ನನ್ನ ಪಕ್ಕದಾಗ ನಿಂತಿದ್ದಿ, ಪಂಪಣ್ಣ."

"ಹೌದು ಭಾವಾ."

"ನಾನೂ ಬರ್ತೀನಿ ಅಂಗಡಿಗಿ. ಆದ್ರ ಮಾತು ನೀ ಆಡಬೇಕು. ಜೋರಾಗಿ."

ಅಂದಿನಿಂದ ಅವನು ನನ್ನೊಡನೆ ಬೇರೆ ಮಾತು ಆಡಿಲ್ಲ.

ಇದರಿಂದ ನಿಮ್ಮ ಬೋರ್ಡು ವಾಪಸು ಏರುವುದಿಲ್ಲ, ಬಲ್ಲೆ. ನಿಮ್ಮ ಕೈಗೆ ಈಗ ವಯಸ್ಸಾಗಿದೆ, ಬಂದೂಕುಗಳೂ ಕಡಿಮೆಯಾಗಿವೆ. ಕ್ಷಮಿಸಿ ಎಂದು ಬರೆದು ಹೊಡೆದು ಹಾಕಿದ್ದೇನೆ. ಅದು ನಿಮಗೆ ಏನನ್ನೂ ಕೊಡುವುದಲ್ಲ, ನಿಮ್ಮಿಂದ ಮತ್ತೂ ಒಂದನ್ನು ಕೇಳುವುದು. ಭಾನುವಾರ ಬೆಳಿಗ್ಗೆ, ಬಜಾರು ತುಂಬುವ ಹೊತ್ತಿಗೆ ಬರುತ್ತೇವೆ. ಪಾರ್ವತಿಯೂ ಬರುತ್ತಾಳೆ, ತನ್ನ ಬಂದೂಕು ತಂದು ನಿಮಗೆ ತೋರಿಸುತ್ತಾಳಂತೆ. ನೋಡುವುದು ಬಿಡುವುದು ನಿಮ್ಮಿಷ್ಟ. ಬಂದವರಿಗೆಲ್ಲ ಸ್ಟೂಲು ಸರಿಸಿ "ಕುಂದರ್ರಿ" ಅನ್ನುವವರು ನೀವು. ನನಗೆ ಅನ್ನಬೇಡಿ. ನನ್ನ ಕೈಯಲ್ಲಿ ಈ ಸಲ ಕುಕ್ಕರ್ ಇರುವುದಿಲ್ಲ. ಅಂದು ನಿಂತ ಜಾಗದಲ್ಲೇ ನಿಂತು, ಬಕೆಟಿನ ಅಂಗಡಿಗೆ ಬೆನ್ನು ಮಾಡಿ, ಎದುರಿನ ಅಂಗಡಿಯವರಿಗೂ ಕೇಳುವಂತೆ ಹೇಳುತ್ತೇನೆ — ಭಾವನ ಬಲಗಡೆ ನಿಂತು.