ಎರಡನೇ ಕುರ್ಚಿ

ಯಕ್ಷಗಾನದಲ್ಲಿ ನಾನು ಸ್ತ್ರೀವೇಷ ಮಾಡುವವನು. ನನ್ನ ರಾಣಿ ರಂಗಕ್ಕೆ ನಡೆದು ಬಂದರೆ ಮುಂದಿನ ಸಾಲಿನ ಗಂಡಸರು ಬಾಯಲ್ಲಿರುವ ಕವಳ ಅಗಿಯುವುದನ್ನೂ ಮರೆಯುತ್ತಾರೆ. ಜಂಬ ಎನ್ನಿ, ಅಡ್ಡಿಯಿಲ್ಲ. ಬೆವರು ಸುರಿಸಿ ಗಳಿಸಿದ ಜಂಬ ಅದು.

ಇದೇ ನಡಿಗೆ ಶಾಲೆಯಲ್ಲಿ ನನಗೆ ಮುಳುವಾಗಿತ್ತು. ಎಂಟನೇ ಇಯತ್ತೆಯಲ್ಲಿ ನನ್ನ ಬೆಂಚಿನಲ್ಲಿ ಕೂರಬೇಕಾಗಿದ್ದ ದೋಣಿಯವರ ಮನೆಯ ಹುಡುಗ ನನ್ನ ಪಾಟಿಚೀಲವನ್ನು ಹುಡುಗಿಯರ ಸಾಲಿಗೆ ಎಸೆದು, "ನಾ ಹೆಣ್ಣಿನ ಸಂಗ್ತಿಗೆ ಕೂರೂದಿಲ್ಲ" ಎಂದ. ತರಗತಿ ನಕ್ಕಿತು, ಮಾಸ್ತರರೂ ನಕ್ಕರು. ಆಮೇಲೆ ವರ್ಷವಿಡೀ ನನ್ನ ಹಿಂದೆ ಸೊಂಟ ತಿರುಗಿಸುತ್ತ ನಡೆಯುವುದೇ ಅವನ ಕೆಲಸ. ಅದರಲ್ಲೂ ತಾಳ ಇರಲಿಲ್ಲ ಬಿಡಿ.

ನಾನು ಮೇಳ ಸೇರಿ ಎಷ್ಟೋ ವರ್ಷಗಳ ಮೇಲೆ ಭಟ್ಕಳದ ತೆಂಗಿನಗುಂಡಿಯಲ್ಲಿ ನಮ್ಮ ಆಟವಿತ್ತು. ಸಂಜೆ ವೇಷ ಕಟ್ಟುವ ಚೌಕಿಯಲ್ಲಿ ಕೂತು ಹುಬ್ಬು ತೀಡುತ್ತಿದ್ದೆ. ಶಾಲೆಯ ಅದೇ ಹುಡುಗ, ಈಗ ಅಲ್ಲಿ ಮೀನಿನ ಬೋಟಿಗೆ ಕೆಲಸಕ್ಕೆ ಹೋಗುತ್ತಿದ್ದವನು, ಎದುರಿಗೆ ಬಂದು ನಿಂತ.

"ಶಾಲೆಲಿ ನಿಂಗೆ ರಾಶಿ ಕಾಡಿದ್ದೆ. ತಪ್ಪಾತು ಮಾರಾಯಾ."

"ಬೆಳಕಿಗೆ ಅಡ್ಡ ಆತು, ಬದಿಗೆ ಸರಿ" ಎಂದೆ. ಅಷ್ಟು ಬೇಗ ಕ್ಷಮಿಸುವ ಜಾಯಮಾನ ನನ್ನದಲ್ಲ.

ಅವನು ಬದಿಗೆ ಸರಿದ, ಹೋಗಲಿಲ್ಲ. ಹೊನ್ನಾವರದ ಆಟಕ್ಕೂ ಬಂದ, ಕುಮಟೆಗೂ ಬಂದ. ವೇಷಕ್ಕೆ ಮರುಳಾದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿದ ಕೂಡಲೇ ಅವರಿಗೆಲ್ಲ ಬಸ್ಸಿನ ನೆನಪಾಗುತ್ತದೆ. ಇವನು ಮಾತ್ರ ಎಣ್ಣೆಯ ಬಾಟಲಿ ಹಿಡಿದುಕೊಂಡು ಅಲ್ಲೇ ಇರುತ್ತಿದ್ದ. ಒಮ್ಮೆ ಕೇಳಿಯೇಬಿಟ್ಟೆ: "ಇನ್ನೆಂತಕ್ಕೆ ನಿಂತಿದ್ದಿ? ವೇಷ ಮುಗ್ದಾತಲ್ಲ."

"ನಾ ಕಾದದ್ದೇ ಈ ಮುಖಕ್ಕೆ" ಎಂದ.

ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು, ಪ್ರೀತಿ ಶುರುವಾಯಿತು. ಒಂದೇ ಮನೆಯಲ್ಲಿ ಇರತೊಡಗಿದೆವು. ಆದರೆ ಯಾರಾದರೂ ಕೇಳಿದರೆ ಅವನು ನನ್ನನ್ನು "ದೋಸ್ತ" ಎನ್ನುತ್ತಿದ್ದ. ಅದು ನನಗೆ ಚುಚ್ಚುತ್ತಿತ್ತು.

ಕಳೆದ ವರ್ಷ ನಾವು ಓದಿದ ಶಾಲೆಯ ಮೈದಾನದಲ್ಲೇ ಆಟ, ಅದಕ್ಕೆ ಮೊದಲು ನನಗೆ ಸನ್ಮಾನ. ನಮ್ಮಲ್ಲಿ ಸನ್ಮಾನಕ್ಕೆ ಎರಡು ಕುರ್ಚಿ ಹಾಕುವುದು ರೂಢಿ, ಒಂದು ಕಲಾವಿದನಿಗೆ, ಇನ್ನೊಂದು ಹೆಂಡತಿಗೆ. ಸನ್ಮಾನ ಇಟ್ಟುಕೊಂಡ ಊರ ಸಂಘದವರು ಮುಜುಗರಪಡುತ್ತಲೇ, "ನಿಮ್ಗೆ ಒಂದೇ ಸಾಕಲ್ಲ?" ಎಂದರು. "ಎರಡು ಹಾಕಿ" ಎಂದೆ. ಮನೆಗೆ ಬಂದು ಅವನಿಗೆ ಹೇಳಿದೆ: "ಆ ಕುರ್ಚಿ ನಿಂದು. ಬರದಿದ್ರೆ ಇನ್ನು ನಾವು ದೋಸ್ತರೇ ಸೈ."

ಅಂದು ಸೀರೆ ಉಟ್ಟು, ಜಡೆ ಕಟ್ಟಿ, ವೇಷದಲ್ಲೇ ಹೋಗಿ ಕುಳಿತೆ. ಪಕ್ಕದ ಕುರ್ಚಿ ಖಾಲಿ. ಎದುರಿಗೆ ನಮ್ಮ ತರಗತಿಯವರು, ಅವನ ಬೋಟಿನವರು. ಶಾಲು ಹಿಡಿದವರು ಕಾಯುತ್ತಿದ್ದರು. ನನ್ನ ಕಣ್ಣು ಮತ್ತೆ ಮತ್ತೆ ಆ ಕುರ್ಚಿಯ ಕಡೆಗೇ ಹೋಗುತ್ತಿತ್ತು, ಮುಖ ಮಾತ್ರ ರಾಣಿಯದೇ.

ಹಿಂದಿನ ಸಾಲಿನಿಂದ ಅವನು ಎದ್ದು ರಂಗದ ಕಡೆ ಹೊರಟ. ಬೋಟಿನವನೊಬ್ಬ, "ಹೋಯ್, ನಿಂಗೆ ಅಲ್ಲೆಂತ ಕೆಲ್ಸ?" ಎಂದು ಕೂಗಿದ.

ಅವನು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ: "ಉಳ್ದವ್ರಿಗೆ ಹೆಂಡ್ತಿ ಕೂರ್ತದೆ. ಇವಂಗೆ ನಾನೇ."

ಅವನು ಮೇಲೆ ಬಂದು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತ. ನನಗೆ ಹೆಮ್ಮೆಯೋ ಹೆಮ್ಮೆ. ಆದರೂ ಬಿಡಲಿಲ್ಲ, ಮೆಲ್ಲಗೆ ಕೇಳಿದೆ: "ಹೆಣ್ಣಿನ ಸಂಗ್ತಿಗೆ ಕೂರ್ತ್ಯಾ?"

"ಕೂತಾತಲ್ಲ" ಎಂದು ಶಾಲಿಗೆ ತಲೆ ಬಗ್ಗಿಸಿದ.