ಕಸಿಯ ಚಿತ್ರಕ್ಕೆ ಐದು ಅಂಕ

ನಮ್ಮ ಶಾಲೆಯ ಹನ್ನೊಂದನೇ ತರಗತಿಯಲ್ಲಿ ಕೃಷಿ ಕೆಲಸ ಕಲಿಸುವ ವಿಭಾಗಕ್ಕೆ ನಾನೊಬ್ಬನೇ ಮೇಷ್ಟ್ರು. ಈ ವರ್ಷ ಮಕ್ಕಳು ಸಾಲದಿದ್ದರೆ ಮುಚ್ಚುತ್ತೇವೆ ಅಂದುಬಿಟ್ಟರು. ಮಕ್ಕಳನ್ನು ಸೇರಿಸಿಕೊಳ್ಳುವ ಅರ್ಜಿ ಹಿಡಿದು, ತಮಿಳುನಾಡಿನ ನಮ್ಮ ಊರ ಕಡೆಯ ಓಡೈಪಟ್ಟಿಯ ಒಂದು ದ್ರಾಕ್ಷಿ ತೋಟಕ್ಕೆ ಹೋದೆ.

ಚಪ್ಪರದ ಕೆಳಗೆ ಒಬ್ಬ ಹುಡುಗಿ ಬಳ್ಳಿಗೆ ಕಸಿ ಕಟ್ಟುತ್ತಿದ್ದಳು. ಅಷ್ಟು ಹದವಾಗಿ ನನಗೂ ಬರುವುದಿಲ್ಲ. ಅರ್ಜಿ ನೋಡಿದವಳೇ ಇಸಿದುಕೊಂಡಳು. ಕೈಕೆಲಸದ ಓದು ಎಷ್ಟು ಒಳ್ಳೆಯದು ಅಂತ ಅವಳ ತಾಯಿಗೆ ತಮಿಳಿನಲ್ಲಿ ಅರ್ಧ ಗಂಟೆ ಹೇಳಿದೆ.

ತಾಯಿ ಮಗಳ ಕಡೆ ತಿರುಗಿ, "ಸಾರ್‌ಗೆ ಕಾಪಿ ತತ್ತಾ," ಅಂದಳು, ಕನ್ನಡದಲ್ಲಿ.

"ಸಕ್ಕರೆ ಕಮ್ಮಿ ಹಾಕವ್ವಾ," ಅಂದೆ ನಾನೂ.

ಆಕೆಯ ಮುಖ ಅರಳಿತು. "ಅಯ್ಯೋ, ನಮ್ಮೋರಾ!" ಸಾರ್ ಹೋಗಿ ಅಣ್ಣ ಆದೆ. "ಹಂಗಾದ್ರೆ ನಿಜ ಹೇಳಣ್ಣಾ, ನಿನ್ ಮಗಳ್ನ ಯಾವುದಕ್ಕೆ ಸೇರಿಸ್ದೆ?"

ತಮಿಳಿನಲ್ಲಿ ಕೇಳಿದ್ದರೆ ಏನೋ ಹೇಳಿ ಜಾರಿಕೊಳ್ಳುತ್ತಿದ್ದೆ.

"ಬಯಾಲಜಿ ಗ್ರೂಪಿಗೆ," ಅಂದೆ.

ಆಕೆ ಬೈಯಲಿಲ್ಲ, ನಗಲೂ ಇಲ್ಲ. "ಅರ್ಜಿ ವಾಪಸ್ ಕೊಟ್ಬುಡವ್ವಾ," ಅಂದಳು ಮಗಳಿಗೆ. ಹುಡುಗಿ ಅದನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟು ಕಾಫಿ ತರಲು ಹೋದಳು.

ನಮ್ಮ ವಿಭಾಗ ಮುಚ್ಚಿತು. ಈಗ ಆ ಹುಡುಗಿ ನನ್ನ ಮಗಳ ಬೆಂಚಿನಲ್ಲೇ ಕೂರುತ್ತಾಳೆ. ಮೊನ್ನೆ ಪರೀಕ್ಷೆಯಲ್ಲಿ ಕಸಿ ಕಟ್ಟುವುದರ ಚಿತ್ರ ಬರೆಯಲು ಕೊಟ್ಟಿದ್ದರಂತೆ. ಆ ಹುಡುಗಿಗೆ ಐದಕ್ಕೆ ಎರಡು. ತರಕಾರಿ ಹೆಚ್ಚೋಕೂ ಚಾಕು ಹಿಡಿಯದ ನನ್ನ ಮಗಳಿಗೆ ಐದಕ್ಕೆ ಐದು. ಉತ್ತರ ಪತ್ರಿಕೆಗೆ ಅಪ್ಪನ ಸಹಿ ಬೇಕು ಅಂದಳು, ಹಾಕಿಕೊಟ್ಟೆ.